ಪ್ರೊಜೆಕ್ಟರ್ ಪಕ್ಕ ನಿಂತವರು

ಮಧ್ಯಾಹ್ನ ಎರಡಕ್ಕೆ ನಾನು ಹೋದಾಗ, ಪ್ರದರ್ಶನ ನಡೆಸುವ ಅಕ್ಕ ನೆಲದ ಮೇಲೆ ಕೂತು ಹರಿದ ಫಿಲ್ಮ್ ಅಂಟಿಸುತ್ತಿದ್ದರು. ಅಂದು ಸಂಜೆ 16 ಎಂಎಂ ಅಗಲದ ಫಿಲ್ಮಿನ ಪ್ರಾಯೋಗಿಕ ಚಿತ್ರಗಳ ಪ್ರದರ್ಶನ. ಕಥೆ ಇಲ್ಲ, ನಟರಿಲ್ಲ. ಫಿಲ್ಮಿನ ಮೇಲೇ ಗೀಚಿ, ಬಣ್ಣ ಬಳಿದು ಮಾಡಿದ ಚಿತ್ರಗಳು. ಕೈಗೊಬ್ಬರು ಬೇಕು ಅಂತ ನನ್ನನ್ನು ಕರೆದಿದ್ದರು.

ಫಿಲ್ಮ್ ಕತ್ತರಿಸಿ ಜೋಡಿಸುವ ಸಾಧನ ಸ್ಪ್ಲೈಸರ್. ಅದರ ಪುಟ್ಟ ಮೊಳೆಗಳಿಗೆ ಫಿಲ್ಮಿನ ತೂತುಗಳನ್ನು ಕೂರಿಸಿ, ಹರಿದ ಜಾಗವನ್ನು ನೇರವಾಗಿ ಕತ್ತರಿಸಿದರು. ಟೇಪ್ ಹಚ್ಚಿ, ಒಳಗೆ ಗಾಳಿಗುಳ್ಳೆ ಉಳಿಯದ ಹಾಗೆ ಉಗುರಿನಿಂದ ನಿಧಾನಕ್ಕೆ ಉಜ್ಜಿದರು. ಎರಡು ಫ್ರೇಮ್ ಹೋಯಿತು. ಸೆಕೆಂಡಿಗೆ 24 ಫ್ರೇಮ್ ಓಡುವಾಗ ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಅಲ್ವಾ? ಆದರೂ ಅಕ್ಕ ಚಿತ್ರ ಮಾಡಿದ ಹುಡುಗನಿಗೆ ಫೋನ್ ಮಾಡಿ ಹೇಳಿದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಆ ಫೋನಿನಿಂದ.

ಆಮೇಲೆ ನೋಟ್‌ಬುಕ್ ತೆಗೆದು, ಸಂಜೆ ಬನ್ನಿ ಅಂತ ಒಬ್ಬೊಬ್ಬರಿಗೇ ಫೋನ್ ಹಚ್ಚಿದರು. ನಡುನಡುವೆ ನ್ಯೂಯಾರ್ಕಿನ ಆಮೋಸ್ ಮತ್ತು ಮಾರ್ಸಿಯಾ ವೋಗೆಲ್ ದಂಪತಿಯ ಕಥೆ ಹೇಳಿದರು. 1947ರಲ್ಲಿ ಅವರು ಇಂಥ ಚಿತ್ರಗಳನ್ನು ತೋರಿಸುವ ‘ಸಿನಿಮಾ 16’ ಶುರು ಮಾಡಿದರು. ಸೆನ್ಸಾರ್ ಕಾಟ ತಪ್ಪಲಿ ಅಂತ ಅದನ್ನು ಸದಸ್ಯರಿಗೆ ಮಾತ್ರ ಮೀಸಲಾದ ಕ್ಲಬ್ ಮಾಡಿದರು. ಒಂದು ಕಾಲಕ್ಕೆ ಸುಮಾರು 7000 ಸದಸ್ಯರಿದ್ದರಂತೆ. ಅದೇ ಊರಿನ ಚಿತ್ರ ನಿರ್ದೇಶಕ ಜೋನಾಸ್ ಮೆಕಾಸ್ ಮತ್ತು ಗೆಳೆಯರು 1962ರಲ್ಲಿ ಚಿತ್ರ ಮಾಡುವವರದ್ದೇ ಒಂದು ಸಹಕಾರ ಸಂಘ ಕಟ್ಟಿದರು. ಯಾರ ಚಿತ್ರವನ್ನೂ ಬೇಡ ಅನ್ನಲಿಲ್ಲ. ಒಂದು ಚಿತ್ರ ತೋರಿಸಿದ್ದಕ್ಕೆ ಮೆಕಾಸ್ 1964ರಲ್ಲಿ ಬಂಧನಕ್ಕೂ ಒಳಗಾದರು. ಇದನ್ನೆಲ್ಲ ಅಕ್ಕ ಮನೆಯ ಹಿರಿಯರ ಸುದ್ದಿ ಹೇಳುವ ಹಾಗೆ ಹೇಳಿದರು.

ನಾನು ನಲವತ್ತು ಕುರ್ಚಿ ಹಾಕಿದ್ದೆ. ಅಕ್ಕ ಬಂದು ಅರ್ಧ ತೆಗೆಸಿ ಬಾಗಿಲ ಹಿಂದೆ ಇಡಿಸಿದರು. “ಜನ ಬಂದ ಹಾಗೆ ಹಾಕೋಣ. ಖಾಲಿ ಕುರ್ಚಿ ನೋಡಿದರೆ ಆ ಹುಡುಗನ ಜೀವ ಹಿಂಡಿದ ಹಾಗಾಗುತ್ತೆ” ಅಂದರು. ಇಪ್ಪತ್ಮೂರು ಜನ ಬಂದರು. ಮೂರು ಕುರ್ಚಿ ನಾನೇ ತಂದು ಹಾಕಿದೆ. ಅದರ ಖುಷಿಯೇ ಬೇರೆ.

ದೀಪ ಆರಿತು. 400 ಅಡಿಯ ರೀಲ್, ಹನ್ನೊಂದು ನಿಮಿಷ. ಪರದೆ ತುಂಬ ಕೆಂಪು, ನೀಲಿ ಗೆರೆಗಳು ಕುಣಿಯುತ್ತಿದ್ದವು. ಅಕ್ಕ ಮಾತ್ರ ಪರದೆ ಕಡೆ ತಿರುಗಲೇ ಇಲ್ಲ. ಪ್ರೊಜೆಕ್ಟರಿನಲ್ಲಿ ಫಿಲ್ಮ್ ಬೆಳಕಿನ ಮುಂದೆ ಹಾಯುವ ಕಿಂಡಿ, ಅಂದರೆ ಗೇಟಿನ ಮೇಲೆ ಕೆಳಗೆ ಫಿಲ್ಮ್ ಸಡಿಲವಾಗಿ ಬಾಗಿ ನಿಲ್ಲುವ ಲೂಪ್ ಇರುತ್ತಲ್ಲ, ಅದರ ಮೇಲೇ ಅವರ ಕಣ್ಣು. ಲೂಪ್ ತಪ್ಪಿದರೆ ಚಿತ್ರ ಎಗರಾಡುತ್ತೆ. ಜಾಯಿಂಟ್ ಗೇಟು ದಾಟುವಾಗ ‘ಟಕ್’ ಅಂತ ಸಣ್ಣ ಸದ್ದಾಯಿತು. ಅಕ್ಕ ಹಿಡಿದಿದ್ದ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು.

ಒಬ್ಬರು ಅರ್ಧಕ್ಕೇ ಎದ್ದು ಹೋದರು. ನನಗೆ ಬೇಜಾರಾಯಿತು. ಅಕ್ಕ ಪ್ರೊಜೆಕ್ಟರ್ ನೋಡಿಕೋ ಅಂತ ಸನ್ನೆ ಮಾಡಿ ಅವರ ಹಿಂದೆಯೇ ಹೊರಗೆ ಹೋದರು. ವಾಪಸ್ ಬಂದಾಗ ನೋಟ್‌ಬುಕ್ಕಿನಲ್ಲಿ ಹೊಸ ನಂಬರ್ ಇತ್ತು. “ಕಣ್ಣು ನೋವಂತೆ. ಮುಂದಿನ ಸಲ ಬರ್ತಾರೆ.”

ಕೊನೆಗೆ ಚಪ್ಪಾಳೆ ಬಿತ್ತು. ಹುಡುಗನ ಸುತ್ತ ಜನ ಸೇರಿದರು. ಪೋಸ್ಟರಿನಲ್ಲಿ ಅಕ್ಕನ ಹೆಸರು ಎಲ್ಲೂ ಇರಲಿಲ್ಲ. ಇರಬೇಕಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತೆ. ಅವರು ಮೂಲೆಯಲ್ಲಿ ರೀಲ್ ಹಿಂದಕ್ಕೆ ಸುತ್ತಿ ಡಬ್ಬಿಗೆ ಹಾಕಿದರು. ಒಂದು ಚೀಟಿಯಲ್ಲಿ ಏನೋ ಬರೆದು ಮುಚ್ಚಳದ ಒಳಗೆ ಅಂಟಿಸಿದರು. ಬಗ್ಗಿ ಓದಿದೆ: ‘ಏಳನೇ ನಿಮಿಷದ ಹತ್ತಿರ ಜಾಯಿಂಟ್ ಇದೆ. ಎರಡು ಫ್ರೇಮ್ ಇಲ್ಲ. ಜೋಪಾನ.’