ಮಕ್ಕಳು ಅವನನ್ನು ಏನಂತ ಕರೀತಾವೆ?

ಶಾಲೆಯ ಗೇಟಿನ ಹತ್ತಿರ ಕಾಯುವ ತಾಯಂದಿರು, ಆಫೀಸಿನವರು, ಮದುವೆ ಮನೆಯಲ್ಲಿ ಸಿಕ್ಕ ನೆಂಟರು, ಎಲ್ಲರೂ ಇದನ್ನೇ ಕೇಳುತ್ತಾರೆ. ‘ನಿನ್ನನ್ನ ಮಾವ ಅಂತಾರೆ, ಸರಿ. ಅವನನ್ನ ಏನಂತ ಕರೀತಾವೆ?’

ಕಾಕಾ ಅಂತ.

ಇಷ್ಟಕ್ಕೇ ಯಾರಿಗೂ ಸಮಾಧಾನ ಆಗುವುದಿಲ್ಲ. ಬಾಯಿಬಿಟ್ಟು ಕೇಳಲಾರದ ಇನ್ನೊಂದು ಪ್ರಶ್ನೆ ಅವರ ಮುಖದಲ್ಲಿ ಉಳಿದೇ ಇರುತ್ತದೆ. ಅದಕ್ಕೂ ಇಲ್ಲೇ ಹೇಳಿಬಿಡುತ್ತೇನೆ. ನಾವಿಬ್ಬರೂ ಗಂಡಸರು, ಒಬ್ಬರನ್ನೊಬ್ಬರು ಪ್ರೀತಿಸುತ್ತೇವೆ. ನಮ್ಮ ಮನೆಯಲ್ಲಿ ಬೆಳೆಯುತ್ತಿರುವ ಎರಡು ಮಕ್ಕಳು ನನ್ನ ಅಕ್ಕನವು.

2021ರ ಮೇ ತಿಂಗಳಲ್ಲಿ, ಹಾಸನದಲ್ಲಿ, ಅಕ್ಕ ಮತ್ತು ಭಾವ ಒಂಬತ್ತು ದಿನಗಳ ಅಂತರದಲ್ಲಿ ಕೋವಿಡ್‌ಗೆ ಬಲಿಯಾದರು. ದೊಡ್ಡವಳಿಗೆ ಏಳು ವರ್ಷ, ಚಿಕ್ಕವನಿಗೆ ಎರಡು. ನಾನು ಬೆಂಗಳೂರಿನಿಂದ ಬಂದು ಸೇರುವಷ್ಟರಲ್ಲಿ ಮಕ್ಕಳು ಪಕ್ಕದ ಮನೆಯಲ್ಲಿದ್ದವು. ನಮ್ಮ ಅಮ್ಮನಿಗೆ ಮಗಳು ಹೋದ ಸಂಕಟದಲ್ಲಿ ಹಾಸಿಗೆಯಿಂದ ಏಳಲೂ ಆಗುತ್ತಿರಲಿಲ್ಲ. ಲಾಕ್‌ಡೌನ್, ಬಸ್ಸಿಲ್ಲ. ಮೂರನೇ ದಿನ ಅವನು ತರಕಾರಿ ಗಾಡಿಯೊಂದರ ಡ್ರೈವರನ್ನು ಒಪ್ಪಿಸಿ ಹಾಸನಕ್ಕೆ ಬಂದಿಳಿದ. ಕೈಯಲ್ಲಿ ಒಂದು ಚೀಲ, ಅದರಲ್ಲಿ ಎರಡು ಅಂಗಿ. ನಮ್ಮದು ಆಗ ಒಂದೂವರೆ ವರ್ಷದ ಪರಿಚಯ. ಬೇರೆ ಬೇರೆ ರೂಮು, ಭಾನುವಾರ ಕಬ್ಬನ್ ಪಾರ್ಕು, ಸಂಜೆ ಕಾಫಿ. ಮುಂದೇನು ಅಂತ ಇಬ್ಬರೂ ಒಂದು ದಿನಕ್ಕೂ ಮಾತಾಡಿರಲಿಲ್ಲ. ‘ನನ್ನ ಫ್ರೆಂಡು’ ಅಂತ ಅಮ್ಮನಿಗೆ ಹೇಳಿದೆ.

ಅವನು ಧಾರವಾಡದ ಕಡೆಯವನು. ಅಲ್ಲಿ ಅಪ್ಪನ ತಮ್ಮ ಕಾಕಾ. ಅಪ್ಪನಿಗಿಂತ ಚಿಕ್ಕವನಾದ ಮನೆಗೆ ಬೇಕಾದವನೂ ಕಾಕಾನೇ. ಮಕ್ಕಳು ನಡುಮನೆಯ ಮೂಲೆಯಲ್ಲಿ ಹೆದರಿ ಕೂತಿದ್ದಾಗ ಅವನು ಎದುರಿಗೆ ಕುಕ್ಕರುಗಾಲಲ್ಲಿ ಕೂತು, ‘ನಾ ಕಾಕಾ’ ಅಂದ. ಹಾಸನದ ಮಕ್ಕಳಿಗೆ ಅದು ಸಂಬಂಧದ ಹೆಸರು ಅಂತ ಗೊತ್ತಿಲ್ಲ. ಅವನ ಹೆಸರೇ ಕಾಕಾ ಅಂದುಕೊಂಡವು.

ರಾಗಿ ಮುದ್ದೆ ಇಲ್ಲದೆ ಆ ಮಕ್ಕಳಿಗೆ ಊಟವೇ ಆಗದು. ಜೋಳದ ರೊಟ್ಟಿ ತಿಂದು ಬೆಳೆದವನಿಗೆ ಮುದ್ದೆ ಮಾಡಲು ಬಾರದು. ನನಗೂ ಬಾರದು, ಅಕ್ಕನ ಕೈಯಲ್ಲಿ ತಿಂದವನು ನಾನು. ಮೊದಲ ದಿನ ಗಂಟು, ಎರಡನೇ ದಿನ ಗಂಟು. ಮೂರನೇ ದಿನ ದೊಡ್ಡವಳು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, ‘ಅಮ್ಮ ಹಂಗ್ ತಿರುವ್ತಿರ್ಲಿಲ್ಲ’ ಅಂದಳು. ಅಕ್ಕ ಹೋದಮೇಲೆ ಅವಳ ಬಾಯಲ್ಲಿ ಅಮ್ಮ ಅನ್ನುವ ಮಾತು ಬಂದದ್ದು ಅದೇ ಮೊದಲು. ನನ್ನ ಎದೆ ಧಸಕ್ ಅಂತು. ಮಾತು ಬದಲಾಯಿಸೋಣ ಅಂತ ನಾನು ಬಾಯಿ ತೆರೆಯುವ ಮೊದಲೇ ಅವನು ಮುದ್ದೆ ಕೋಲನ್ನು ಅವಳ ಕೈಗೆ ಕೊಟ್ಟ. ‘ಹಂಗಾರ ಅಮ್ಮ ಹೆಂಗ ಮಾಡ್ತಿದ್ರವಾ? ತೋರಸು.’ ಅವಳು ಸ್ಟೂಲಿನ ಮೇಲೆ ನಿಂತು ತೋರಿಸಿದಳು. ಹಿಟ್ಟು ಹಾಕಿದ ಕೂಡಲೇ ತಿರುವಬಾರದಂತೆ, ಎಸರಲ್ಲಿ ಬೇಯಲು ಬಿಡಬೇಕಂತೆ, ಅಮ್ಮ ಆ ಹೊತ್ತಲ್ಲಿ ಸಾರಿಗೆ ಒಗ್ಗರಣೆ ಹಾಕಿ ಬರುತ್ತಿದ್ದಳಂತೆ. ಹೇಳುತ್ತಾ ಹೇಳುತ್ತಾ ಅತ್ತಳು. ಅವನು ಸ್ಟವ್ ಆರಿಸಿ, ಹಿಟ್ಟಿನ ಕೈಯಲ್ಲೇ ಅವಳನ್ನು ಎತ್ತಿಕೊಂಡ. ಅದಕ್ಕೂ ಮೊದಲು ನಾನು ಅವನನ್ನು ಇಷ್ಟಪಟ್ಟಿದ್ದೆ. ಇವನನ್ನು ಬಿಟ್ಟು ಇರಲಾರೆ ಅನ್ನಿಸಿದ್ದು ಆ ಹೊತ್ತಿಗೆ.

ಲಾಕ್‌ಡೌನ್ ಸಡಿಲವಾದ ಮೇಲೆ ಒಂದು ರಾತ್ರಿ ಪಾತ್ರೆ ತೊಳೆಯುತ್ತಾ, ನನ್ನ ಕಡೆ ತಿರುಗದೆ, ‘ಬೆಂಗಳೂರಿನ ರೂಮ್ ಖಾಲಿ ಮಾಡಿಸೇನಿ’ ಅಂದ. ನನ್ನನ್ನೊಂದು ಮಾತು ಕೇಳಬಾರದಿತ್ತಾ ಅಂದೆ. ‘ಕೇಳಿದ್ರ ಬ್ಯಾಡಂತಿದ್ದಿ.’ ನಿಜ, ಬೇಡ ಅನ್ನುತ್ತಿದ್ದೆ.

ಇನ್ನು ಕಾಗದಪತ್ರದ ಮಾತು. ಇಬ್ಬರು ಗಂಡಸರು ಮಕ್ಕಳನ್ನು ಸಾಕಲು ಕಾನೂನು ಬಿಡುತ್ತದಾ ಅಂತಲೂ ಬಹಳ ಜನ ಕೇಳುತ್ತಾರೆ. ಸಾಕಲು ಯಾರೂ ಅಡ್ಡ ಬರುವುದಿಲ್ಲ. ಹಕ್ಕಿನ ಲೆಕ್ಕದಲ್ಲಿ ಮಾತ್ರ ನಾವು ಇಬ್ಬರಲ್ಲ, ಒಬ್ಬನೇ.

ದತ್ತು ತಗೊಳ್ಳಬಹುದಿತ್ತಲ್ಲ ಅನ್ನುತ್ತಾರೆ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ದತ್ತು ಕೊಡುವಂತಿಲ್ಲ. 1956ರ ಹಿಂದೂ ದತ್ತಕ ಕಾಯ್ದೆಯಲ್ಲಿ ದಾರಿಯಿದೆ, ದತ್ತು ತಂದೆ ಮಗಳಿಗಿಂತ 21 ವರ್ಷವಾದರೂ ದೊಡ್ಡವನಿರಬೇಕು. ನನಗೆ ಆ ಅಂತರ ಇತ್ತು. ಆದರೆ ದತ್ತು ಅಂದರೆ ಮಗುವಿಗೆ ಹೆತ್ತ ಮನೆಯ ಸಂಬಂಧ ಕಾನೂನಿನಲ್ಲಿ ಕಡಿದುಹೋಗುತ್ತದೆ. ಅಕ್ಕ, ಭಾವನ ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆಸಲು ನನಗೆ ಮನಸ್ಸು ಬರಲಿಲ್ಲ. ಅವನಂತೂ, ‘ಅವರ ಹೆಸರು ಅಳಸಬ್ಯಾಡ’ ಅಂತ ಪಟ್ಟು ಹಿಡಿದ. ಹಾಗಾಗಿ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್ ಅಡಿಯಲ್ಲಿ ಪಾಲಕತ್ವಕ್ಕೆ ಅರ್ಜಿ ಹಾಕಿದೆ.

ಆ ಕಾಯ್ದೆಯನ್ನು ಓದುತ್ತಾ 8ನೇ ಸೆಕ್ಷನ್‌ನಲ್ಲಿ ನಿಂತುಬಿಟ್ಟೆ. ಪಾಲಕರ ನೇಮಕಕ್ಕೆ ಯಾರು ಅರ್ಜಿ ಹಾಕಬಹುದು ಅನ್ನುವ ಪಟ್ಟಿಯಲ್ಲಿ ಮಗುವಿನ ‘ಸಂಬಂಧಿ ಅಥವಾ ಸ್ನೇಹಿತ’ ಅಂತ ಇದೆ. 1860ರಲ್ಲಿ ದಂಡ ಸಂಹಿತೆಯ 377ನೇ ಸೆಕ್ಷನ್ ಬರೆದು ನಮ್ಮಂಥವರನ್ನು ಅಪರಾಧಿಗಳನ್ನಾಗಿಸಿದ ಆಡಳಿತವೇ ಮೂವತ್ತು ವರ್ಷಗಳ ಮೇಲೆ ಅನಾಥ ಮಗುವಿಗೆ ಸ್ನೇಹಿತನೂ ಆಸರೆಯಾಗಬಹುದು ಅಂತ ಒಪ್ಪಿತ್ತು. ಆ ಸಾಲನ್ನು ಅವನಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿದ.

ಕೋರ್ಟಿನಲ್ಲಿ ನ್ಯಾಯಾಧೀಶರು ದೊಡ್ಡವಳನ್ನು ಹತ್ತಿರ ಕರೆದು, ಮನೆಯಲ್ಲಿ ಯಾರ್ಯಾರಿದ್ದೀರಿ ಅಂತ ಕೇಳಿದರು. ‘ಅಜ್ಜಿ, ಮಾವ, ಕಾಕಾ, ತಮ್ಮ, ನಾನು.’ ಕಾಕಾ ಅಂದ್ರೆ? ‘ಕಾಕಾ ಅಂದ್ರೆ ಕಾಕಾ.’ ಆದೇಶ ನನ್ನೊಬ್ಬನ ಹೆಸರಿನಲ್ಲಿ ಬಂತು.

ಅವನ ಹೆಸರು ಎಲ್ಲಿಯೂ ಇಲ್ಲದಿರುವುದರ ಅರ್ಥ ಒಂದು ರಾತ್ರಿ ತಿಳಿಯಿತು. ನಾನು ಕೆಲಸದ ಮೇಲೆ ಬೆಂಗಳೂರಿನಲ್ಲಿದ್ದೆ. ಚಿಕ್ಕವನು ಮೆಟ್ಟಿಲಿಂದ ಬಿದ್ದು ಕೈ ಮುರಿದುಕೊಂಡ. ಆಸ್ಪತ್ರೆಯಲ್ಲಿ ಅವನ ಸಹಿ ನಡೆಯುವುದಿಲ್ಲ ಅಂದರು, ‘ನೀವು ಮಗೂಗೆ ಏನಾಗ್ಬೇಕು?’ ಎಪ್ಪತ್ತರ ಅಮ್ಮನನ್ನು ಆಟೋದಲ್ಲಿ ಕರೆಸಿ ಸಹಿ ಹಾಕಿಸಿದ ಮೇಲೆ ಚಿಕಿತ್ಸೆ ಶುರುವಾಯಿತು. ಅಷ್ಟು ಹೊತ್ತೂ ಮಗು ನರಳುತ್ತಾ ಅವನ ಕುತ್ತಿಗೆಗೆ ಜೋತುಬಿದ್ದಿತ್ತಂತೆ. ನಾಳೆ ನನಗೇನಾದರೂ ಆದರೆ, ಅವನು ಹೊಸದಾಗಿ ಕೋರ್ಟಿಗೆ ಹೋಗಿ ತಾನು ಯಾರು ಅಂತ ಮೊದಲಿನಿಂದ ಹೇಳಬೇಕು. ಇದನ್ನು ನೆನೆದರೆ ನನಗೆ ಈಗಲೂ ನಿದ್ದೆ ಹತ್ತುವುದಿಲ್ಲ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ನಮ್ಮ ಪ್ರೀತಿ ಅಪರಾಧವಲ್ಲ ಅಂದಿತು. 2023ರ ಅಕ್ಟೋಬರ್ 17ರಂದು, ಮದುವೆಯ ಹಕ್ಕಿನ ಪ್ರಕರಣದಲ್ಲಿ, ಜೋಡಿಯಾಗಿ ದತ್ತು ಪಡೆಯಲು ಎರಡು ವರ್ಷದ ಸ್ಥಿರ ದಾಂಪತ್ಯ ಬೇಕೆನ್ನುವ ನಿಯಮವನ್ನು ಐವರಲ್ಲಿ ಮೂವರು ನ್ಯಾಯಮೂರ್ತಿಗಳು ಎತ್ತಿಹಿಡಿದರು. ಮದುವೆಯಾಗಲು ಬಿಡದ ಮೇಲೆ ದಾಂಪತ್ಯ ಎಲ್ಲಿಂದ ತರೋಣ? ಅಲ್ಪಮತದಲ್ಲಿದ್ದ ಚಂದ್ರಚೂಡ್ ಮತ್ತು ಕೌಲ್ ಅವರು ಆ ನಿಯಮ ತಾರತಮ್ಯದ್ದು ಅಂದಿದ್ದರು. ಅವರ ಮಾತು ಸರಿ ಅಂತ ನಾನು ಹೇಳುವುದು ಮುರಿದ ಕೈಯ ಆ ರಾತ್ರಿಯನ್ನು ಇಟ್ಟುಕೊಂಡು. ಆ ನಿಯಮ ಮಕ್ಕಳನ್ನು ಯಾವುದರಿಂದಲೂ ಕಾಪಾಡಲಿಲ್ಲ.

ದೊಡ್ಡವಳಿಗೆ ಕಾಕಾ ಅಂದರೆ ಚಿಕ್ಕಪ್ಪ ಅಂತ ತಿಳಿದದ್ದು ಒಂಬತ್ತನೇ ವಯಸ್ಸಿಗೆ, ಧಾರವಾಡಕ್ಕೆ ಹೋದಾಗ. ವಾಪಸು ಬರುವಾಗ ರೈಲಿನಲ್ಲಿ ತುಂಬ ಹೊತ್ತು ಯೋಚಿಸಿ ನನಗೆ ಹೇಳಿದಳು: ‘ನೀನು ಅಮ್ಮನ ಕಡೆ. ಕಾಕಾ ಅಪ್ಪನ ಕಡೆ. ಅಲ್ವಾ?’ ಕಾನೂನು ಕೊಡದ ಜಾಗವನ್ನು ಮಗು ಕೊಟ್ಟಿತ್ತು. ಹತ್ತು ತುಂಬಿದಾಗ ನಾವಿಬ್ಬರೂ ಪಕ್ಕದಲ್ಲಿ ಕೂರಿಸಿಕೊಂಡು ನಮ್ಮ ವಿಷಯ ಹೇಳಿದೆವು. ಗೊತ್ತು ಅಂದಳು.

ಅಮ್ಮ ಮಾತ್ರ ಮೂರು ವರ್ಷವೂ ಅವನನ್ನು ‘ನಿನ್ನ ಫ್ರೆಂಡು’ ಅಂತಲೇ ಕರೆದಳು. ಊಟಕ್ಕೆ ಬಾ ಅನ್ನು ನಿನ್ನ ಫ್ರೆಂಡಿಗೆ, ಸ್ವೆಟರ್ ಹಾಕ್ಕೊಳ್ಳಕ್ಕೆ ಹೇಳು ನಿನ್ನ ಫ್ರೆಂಡಿಗೆ. ಅಕ್ಕರೆ ಇತ್ತು, ಹೆಸರಿರಲಿಲ್ಲ.

2024ರಲ್ಲಿ, ಚಿಕ್ಕವನಿಗೆ ಐದು ವರ್ಷ, ಅಕ್ಕ ಆಸೆಪಟ್ಟಿದ್ದ ಕಿವಿ ಚುಚ್ಚುವ ಶಾಸ್ತ್ರ ಮಾಡಿದೆವು. ನಮ್ಮಲ್ಲಿ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚುವುದು. ನಾನು ಪಂಚೆ ಉಟ್ಟು ಮಣೆಯ ಮೇಲೆ ಕೂತೆ. ಆಚಾರ್ರು ಚಿನ್ನದ ತಂತಿ ತೆಗೆದದ್ದೇ ತಡ, ಹುಡುಗ ಕಿರುಚಿಕೊಂಡು ನನ್ನ ತೊಡೆಯಿಂದ ಇಳಿದು ಓಡಿದ. ಬಾಗಿಲ ಹತ್ತಿರ ನಿಂತಿದ್ದವನ ಕಾಲು ಹಿಡಿದುಕೊಂಡ. ಬಿಡಿಸಲು ಆಗಲಿಲ್ಲ. ನೆಂಟರೆಲ್ಲ ನೋಡುತ್ತಾ ನಿಂತರು. ಅವನ ಮುಖ ಕೆಂಪಾಗಿತ್ತು, ಹೊರಗೆ ಹೋಗಲೂ ಆಗದು, ಒಳಗೆ ಬರಲೂ ಆಗದು.

ಅಮ್ಮ ಎದ್ದು ಬಂದು, ನನ್ನ ಪಕ್ಕ ಇನ್ನೊಂದು ಮಣೆ ಹಾಕಿದಳು. ‘ಬಾರಪ್ಪ, ಕೂತ್ಕೋ’ ಅಂದಳು ಅವನಿಗೆ.

ಆಚಾರ್ರಿಗೆ ಮನೆಯ ವಿಷಯ ಗೊತ್ತಿಲ್ಲ. ತಂತಿಯನ್ನು ಅರಿಶಿನದಲ್ಲಿ ಅದ್ದುತ್ತಾ, ‘ಇವ್ರು ಮಗೂಗೆ ಏನಾಗ್ಬೇಕಮ್ಮ?’ ಅಂದರು.

ಎಪ್ಪತ್ತು ವರ್ಷ ಹಾಸನದಲ್ಲಿ ಬಾಳಿದ ನಮ್ಮಮ್ಮ ಆ ಪದವನ್ನು ಯಾವತ್ತೂ ಆಡಿದವಳಲ್ಲ.

‘ಕಾಕಾ’ ಅಂದಳು.