ವನೇಡಿಯಂ ಮತ್ತು ಕಲಬುರಗಿಯ ಕಿಟಕಿ

ಲ್ಯಾಬ್‌ನಲ್ಲಿ ನನ್ನ ಕೆಲಸ ವನೇಡಿಯಂ ಡೈಆಕ್ಸೈಡ್ ಮೇಲೆ, ಅಂದರೆ ವನೇಡಿಯಂ ಅನ್ನುವ ಲೋಹ ಆಕ್ಸಿಜನ್ ಜೊತೆ ಸೇರಿ ಆದ ವಸ್ತು. ಹೆಸರು ಕೇಳಿದರೇ ಆಕಳಿಕೆ ಬರುತ್ತದೆ, ಗೊತ್ತು. ಆದರೆ ಅದರ ತೆಳು ಪದರವಿರುವ ಗಾಜಿನ ಚೂರನ್ನು ಹಾಟ್‌ಪ್ಲೇಟ್ ಮೇಲಿಟ್ಟು ಮಲ್ಟಿಮೀಟರ್ ಹಚ್ಚಿ ನೋಡಿ. 68 ಡಿಗ್ರಿ ಸೆಲ್ಸಿಯಸ್ ಹತ್ತಿರ ಬರುತ್ತಿದ್ದಂತೆ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಧಡಕ್ಕನೆ ಬೀಳುತ್ತದೆ. ಒಳ್ಳೆಯ ಹರಳಿನಲ್ಲಿ ಈ ಇಳಿತ ಹತ್ತು ಸಾವಿರ ಪಟ್ಟನ್ನೂ ಮೀರುತ್ತದೆ. ಅಲ್ಲಿಯವರೆಗೆ ಬಿಸಿ ತರುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳನ್ನು ಸುಮ್ನೆ ಬಿಡುತ್ತಿದ್ದ ಪದರ ಈಗ ಅವನ್ನು ತಡೆಯುತ್ತದೆ. ಕಣ್ಣಿಗೆ ಕಾಣುವ ಬೆಳಕು ಹೆಚ್ಚುಕಮ್ಮಿ ಮೊದಲಿನಷ್ಟೇ ದಾಟುತ್ತದೆ. ಸೆನ್ಸರ್ ಬೇಡ, ವೈರ್ ಬೇಡ. ಇದನ್ನು ಕಿಟಕಿಯ ಗಾಜಿಗೆ ಹಚ್ಚಿ ಬಿಸಿಲಿನ ಶಾಖವನ್ನು ತಾನಾಗೇ ತಡೆಯುವಂತೆ ಮಾಡಬೇಕು ಅನ್ನುವುದೇ ನಮ್ಮ ಆಸೆ.

1959ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಎಫ್. ಜೆ. ಮೋರಿನ್ ಇದನ್ನು ವರದಿ ಮಾಡಿದರು. ಯಾಕೆ ಹೀಗೆ ಅನ್ನುವ ಜಗಳ ಈಗಲೂ ಇದೆ. ತಣ್ಣಗಿರುವಾಗ ವನೇಡಿಯಂ ಪರಮಾಣುಗಳು ಎರಡೆರಡಾಗಿ ಹತ್ತಿರ ಸರಿದಿರುತ್ತವೆ, ಎಲೆಕ್ಟ್ರಾನ್‌ಗಳು ಆ ಜೋಡಿಗಳಲ್ಲೇ ಸಿಕ್ಕಿಕೊಂಡಿರುತ್ತವೆ. ಬಿಸಿಯಾದರೆ ಜೋಡಿ ಬಿಡುತ್ತದೆ, ಎಲೆಕ್ಟ್ರಾನ್‌ಗಳು ಲೋಹದಲ್ಲಿರುವಂತೆ ಓಡಾಡುತ್ತವೆ. ಪರಮಾಣು ಸರಿಯುವುದೇ ಮೂಲ ಅಂತ ಭೌತಶಾಸ್ತ್ರಜ್ಞ ಪೈರ್ಲ್ಸ್ ಹೆಸರಿನ ಪಕ್ಷ. ಎಲೆಕ್ಟ್ರಾನ್‌ಗಳು ಒಂದನ್ನೊಂದು ದೂಡುವುದೇ ಮುಖ್ಯ ಅಂತ ಇನ್ನೊಬ್ಬ ಭೌತಶಾಸ್ತ್ರಜ್ಞ ಮಾಟ್ ಹೆಸರಿನ ಪಕ್ಷ. ನನಗಂತೂ ಎರಡೂ ಬೇಕು ಅನ್ನಿಸುತ್ತದೆ.

ವನೇಡಿಯಂ ಡೈಆಕ್ಸೈಡ್ ಮಾಡುವ ಕೆಲಸ ನೋಡಲು ಚೆಂದ. ಕಿತ್ತಳೆ ಬಣ್ಣದ ವನೇಡಿಯಂ ಪೆಂಟಾಕ್ಸೈಡ್ ಪುಡಿಯನ್ನು ಆಕ್ಸಾಲಿಕ್ ಆಸಿಡ್ ಜೊತೆ ನೀರಿನಲ್ಲಿ ಬಿಸಿ ಮಾಡಿದರೆ ಗುಳ್ಳೆ ಏಳುತ್ತದೆ, ಆಮೇಲೆ ಇಡೀ ಬೀಕರ್ ಗಾಢ ನೀಲಿ. ಕಷ್ಟ ಶುರುವಾಗುವುದು ಆಮೇಲೆ ಅದನ್ನು ಸುಡುವ ಫರ್ನೇಸ್‌ನಲ್ಲಿ. ಆಕ್ಸಿಜನ್ ತುಸು ಜಾಸ್ತಿಯಾದರೆ ಮತ್ತೆ ಪೆಂಟಾಕ್ಸೈಡ್, ಕಡಿಮೆಯಾದರೆ ಇನ್ನೊಂದು ಆಕ್ಸೈಡ್. ಎರಡೂ 68ಕ್ಕೆ ಅಲ್ಲಾಡುವುದಿಲ್ಲ.

ನಮ್ಮ ಚಿಕ್ಕಮ್ಮ ಕಲಬುರಗಿಯಲ್ಲಿದ್ದಾರೆ, ಪಶ್ಚಿಮಕ್ಕೆ ದೊಡ್ಡ ಕಿಟಕಿ. ನನ್ನ ಕೆಲಸದ ವಿವರಣೆಯೆಲ್ಲ ಕೇಳಿ, "ಪರದಾ ಹಾಕಿದ್ರ ಮುಗೀತಲ್ಲ, ಅದಕ್ಯಾಕ ಇಷ್ಟು ವರ್ಷ?" ಅಂದರು. ಪರದೆ ಹಾಕಿದರೆ ಬೆಳಕೂ ಹೋಯಿತು, ಹಗಲಲ್ಲೇ ಲೈಟ್ ಹಾಕಬೇಕು. ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಬರುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್‌ನಲ್ಲಿ. ಬೇಸಿಗೆಯಲ್ಲಿ ಅದಷ್ಟನ್ನೇ ತಡೆದು, ಚಳಿಯಲ್ಲಿ ಬಿಟ್ಟರೆ ಚೆನ್ನ ಅಲ್ವಾ?

ಆದರೆ ಕಲಬುರಗಿಯ ಮೇ ತಿಂಗಳೂ 68 ಮುಟ್ಟುವುದಿಲ್ಲ. ಅದಕ್ಕೇ ಟಂಗ್‌ಸ್ಟನ್ ಅನ್ನುವ ಇನ್ನೊಂದು ಲೋಹ ಬೆರೆಸುತ್ತೇವೆ. ನೂರು ವನೇಡಿಯಂನಲ್ಲಿ ಒಂದರ ಜಾಗಕ್ಕೆ ಟಂಗ್‌ಸ್ಟನ್ ಬಂದರೆ ಬದಲಾಗುವ ಉಷ್ಣತೆ ಸುಮಾರು 20 ಡಿಗ್ರಿ ಇಳಿಯುತ್ತದೆ. ಎರಡರಷ್ಟು ಹಾಕಿದರೆ ಕೋಣೆಯ ಉಷ್ಣತೆಯ ಹತ್ತಿರ ಬಂದುಬಿಡುತ್ತದೆ. ಇಷ್ಟಕ್ಕೇ "ಎಸಿ ಬೇಡದ ಮನೆ" ಅಂತ ಹೆಡ್ಡಿಂಗ್ ಕೊಡುವವರನ್ನು ಕಂಡರೆ ನನಗೆ ಸಿಟ್ಟು. ಟಂಗ್‌ಸ್ಟನ್ ಹೆಚ್ಚಾದಷ್ಟೂ ಆ ಧಡಕ್ ಅನ್ನುವ ಜಿಗಿತ ಮೊಂಡಾಗುತ್ತದೆ. ಅದನ್ನು ಯಾರೂ ಹೆಡ್ಡಿಂಗ್‌ನಲ್ಲಿ ಹಾಕುವುದಿಲ್ಲ.

ಇನ್ನೊಂದು ತಕರಾರು ಬಣ್ಣದ್ದು. ಶಾಖ ತಡೆಯುವಷ್ಟು ದಪ್ಪ ಪದರ ಹಾಕಿದರೆ ಗಾಜು ಕಂದು ಹಳದಿಯಾಗಿ ಕೋಣೆ ಮಬ್ಬಾಗುತ್ತದೆ. ಪದರದ ಬದಲು ಹತ್ತಾರು ನ್ಯಾನೋಮೀಟರ್‌ನಷ್ಟು ಸಣ್ಣ ಕಣಗಳನ್ನು ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಹರಡಿದರೆ ಬೆಳಕೂ ಜಾಸ್ತಿ, ಶಾಖದ ಹಿಡಿತವೂ ಜಾಸ್ತಿ. ಸ್ವೀಡನ್‌ನ ಉಪ್ಸಲದಲ್ಲಿ ವಿಜ್ಞಾನಿ ಗ್ರಾಂಕ್ವಿಸ್ಟ್ ಮತ್ತು ಜೊತೆಗಾರರು ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ.

ನಾನೂ ಈಗ ಆ ದಾರಿಯಲ್ಲೇ ಇದ್ದೇನೆ. ಕಣ ಸಣ್ಣದಾದಷ್ಟೂ ತೇವದ ಗಾಳಿಗೆ ಬೇಗ ಕೆಡುತ್ತದೆ, ಹಾಗಾಗಿ ಪ್ರತಿ ಕಣಕ್ಕೂ ಗಾಜಿನಂಥ ಸಿಲಿಕಾದ ಕವಚ. ಕವಚ ತೆಳುವಾದರೆ ತೇವ ನುಗ್ಗುತ್ತದೆ, ದಪ್ಪ ಮಾಡಲು ಹೋದರೆ ಕಣಗಳು ಒಂದಕ್ಕೊಂದು ಅಂಟಿ ಗಾಜು ಮಂಜಾಗುತ್ತದೆ. ಈ ವಾರದ ಸ್ಯಾಂಪಲ್‌ಗಳು ತೇವದ ಪೆಟ್ಟಿಗೆಯಲ್ಲಿವೆ. ಸೋಮವಾರ ತೆಗೆದು ಮತ್ತೆ ಬಿಸಿ ಮಾಡಿ ನೋಡಬೇಕು.