ಯುವಿ ಬೆಳಕಲ್ಲಿ ಅಳಿಸೋದು, 25 ವೋಲ್ಟಲ್ಲಿ ಬರೆಯೋದು

9 ಮಾರ್ಚ್ 2025, ಭಾನುವಾರ

ಇವತ್ತು 2716 ಇಪ್ರಾಮ್ (ಯುವಿ ಬೆಳಕಲ್ಲಿ ಅಳಿಸಿ ಮತ್ತೆ ಬರೆಯಬಹುದಾದ ಹಳೇ ಮೆಮೊರಿ ಚಿಪ್) ಒಂದನ್ನು ಅಳಿಸಿ, ಹೊಸ ಕೋಡ್ ಬರ್ನ್ ಮಾಡಿ, ಅಂದ್ರೆ ಬರೆದು, ಜೆಡ್80 ಅನ್ನೋ ಹಳೇ ಪ್ರೊಸೆಸರ್ ಇರುವ ಬೋರ್ಡ್‌ಗೆ ಕೂರಿಸಿದೆ. ಎಲ್‌ಇಡಿ ಮಿನುಗಿತು! ಹಿಡಿಯೋದು ಎರಡೇ ಕಿಲೋಬೈಟ್. ಆದರೂ ಎಷ್ಟು ಖುಷಿಯಾಯ್ತು ಅಂದ್ರೆ, ಒಳಗೆ ಏನು ನಡೆಯುತ್ತೆ ಅನ್ನೋದು ಈಗ ಸರಿಯಾಗಿ ತಲೆಗೆ ಹೋಗಿದೆ.

ಅಳಿಸಿದ ಇಪ್ರಾಮ್‌ನಲ್ಲಿ ಎಲ್ಲ ಬಿಟ್‌ಗಳೂ 1. ಓದಿದರೆ ಸಾಲು ಸಾಲಾಗಿ ಎಫ್‌ಎಫ್ (ಎಂಟೂ ಬಿಟ್ 1 ಇರುವ ಬೈಟ್) ಬರುತ್ತೆ. ಪ್ರೋಗ್ರಾಮರ್‌ಗೆ, ಅಂದ್ರೆ ಚಿಪ್ ಬರೆಯುವ ಸಾಧನಕ್ಕೆ, ಬರೋದು ಒಂದೇ ಕೆಲಸ, 1 ಇದ್ದಲ್ಲಿ 0 ಮಾಡೋದು. ಜಾಸ್ತಿ ವೋಲ್ಟೇಜ್ ಕೊಟ್ಟಾಗ ಎಲೆಕ್ಟ್ರಾನ್‌ಗಳು ಪ್ರತಿ ಬಿಟ್‌ನಲ್ಲೂ ಇರುವ ಫ್ಲೋಟಿಂಗ್ ಗೇಟ್ ಅನ್ನೋ ಪುಟ್ಟ ಭಾಗದ ಒಳಗೆ ನುಗ್ಗುತ್ತವೆ, ಅದರ ಸುತ್ತ ಪೂರ್ತಿ ಇನ್ಸುಲೇಷನ್ ಇರೋದರಿಂದ ಕರೆಂಟ್ ತೆಗೆದ ಮೇಲೂ ವರ್ಷಗಟ್ಟಲೆ ಅಲ್ಲೇ ಉಳಿಯುತ್ತವೆ. ಯಾವುದೋ ಒಂದು ಬಿಟ್ ಮಾತ್ರ ವಾಪಸ್ 1 ಮಾಡ್ತೀನಿ ಅಂದ್ರೆ ಆಗಲ್ಲ. ಅಳಿಸಿದರೆ ಇಡೀ ಚಿಪ್ ಅಳಿಸಬೇಕು.

ಇದರಿಂದಲೇ ಒಂದು ಚಂದದ ಉಪಾಯ ಹುಟ್ಟುತ್ತೆ. ಜೆಡ್80ಗೆ 00 (ಎಂಟೂ ಬಿಟ್ 0) ಅಂದ್ರೆ ನಾಪ್, ಸುಮ್ನೆ ಮುಂದೆ ಹೋಗು ಅಂತ. ಯಾವ ಬೈಟನ್ನಾದರೂ 00 ಮಾಡಬಹುದು ಅಲ್ವಾ? ಹಾಗಾಗಿ ಬೇಡದ ಒಂದು ಕಾಲ್ ಇನ್‌ಸ್ಟ್ರಕ್ಷನ್ (ಕೋಡ್‌ನ ಬೇರೆ ಭಾಗವನ್ನು ಕರೆಯುವ ಆದೇಶ) ಇದ್ದ ಮೂರು ಬೈಟ್ ಮೇಲೆ 00 ಬರೆದೆ. ಚಿಪ್ ಅಳಿಸದೆಯೇ ಆ ಕಾಲ್ ಮಾಯ! 6502 ಅನ್ನೋ ಇನ್ನೊಂದು ಹಳೇ ಪ್ರೊಸೆಸರ್‌ನಲ್ಲಿ ಇದು ನಡೆಯಲ್ಲ, ಅಲ್ಲಿ 00 ಅಂದ್ರೆ ಬ್ರೇಕ್, ನಡೀತಿರೋ ಕೆಲಸ ತಡಿ ಅಂತ.

ವೋಲ್ಟೇಜ್ ವಿಷಯದಲ್ಲಿ ಮಾತ್ರ ತುಂಬಾ ಹುಷಾರಾಗಿರಬೇಕು. ಬರೆಯೋಕೆ ಇಂಟೆಲ್‌ನ 2716, 2732 ಎರಡೂ ಇಪ್ರಾಮ್‌ಗೆ 25 ವೋಲ್ಟ್, ಆದರೆ 2732ಎಗೆ 21. ಕೊನೆಯ ಆ ಒಂದು ಅಕ್ಷರ ನೋಡದೆ 25 ಕೊಟ್ಟರೆ ಚಿಪ್ ಸತ್ತ ಹಾಗೇ. 2764ಎಗೆ ಬರುವಷ್ಟರಲ್ಲಿ ಅದು 12.5ಕ್ಕೆ ಇಳಿದಿತ್ತು. 2716ಗೆ ಬೈಟ್‌ಗೆ 50 ಮಿಲಿಸೆಕೆಂಡ್ ಪಲ್ಸ್ ಬೇಕು, ಅಂದ್ರೆ 2048 ಬೈಟ್ ಬರೆಯೋಕೆ ಸುಮಾರು 100 ಸೆಕೆಂಡ್. ಪರದೆ ಮೇಲೆ ಅಡ್ರೆಸ್ ಒಂದೊಂದೇ ಏರೋದನ್ನ ನೋಡ್ತಾ ಕೂತಿದ್ದೆ, ಬೇಜಾರೇ ಆಗಲಿಲ್ಲ.

ಅಳಿಸೋಕೆ 253.7 ನ್ಯಾನೋಮೀಟರ್ ಬೆಳಕೇ ಬೇಕು. ಉಗುರಿನ ಪಾಲಿಶ್ ಒಣಗಿಸುವ ಯುವಿ ದೀಪಗಳ ತರಂಗಾಂತರ ಉದ್ದ, ಅವು ಉಪಯೋಗಕ್ಕೆ ಬರಲ್ಲ. ಮಾಮೂಲಿ ಗಾಜು ಈ ಬೆಳಕನ್ನ ತಡೆಯುತ್ತೆ, ಅದಕ್ಕೇ ಚಿಪ್ ಮೇಲಿನ ಕಿಟಕಿ ಕ್ವಾರ್ಟ್ಜ್‌ನದು. ದೀಪದಿಂದ ಎರಡೂವರೆ ಸೆಂಟಿಮೀಟರ್ ಒಳಗೆ ಇಟ್ಟರೆ 15ರಿಂದ 20 ನಿಮಿಷ ಸಾಕು. ದೀಪ ಮುಚ್ಚಿದ ಪೆಟ್ಟಿಗೆಯಲ್ಲೇ ಇರಬೇಕು, ಕಣ್ಣಿಗೂ ಚರ್ಮಕ್ಕೂ ಅದು ನಿಜವಾಗಿ ಅಪಾಯ. ಬರೆದಾದ ಮೇಲೆ ಕಿಟಕಿಗೆ ಸ್ಟಿಕ್ಕರ್ ಹಚ್ಚಿ. ನೇರ ಬಿಸಿಲಿಗೆ ಸುಮಾರು ಒಂದು ವಾರ ಬಿದ್ದರೂ ಅಳಿಸಿಹೋಗಬಹುದು ಅಂತ ಡೇಟಾಶೀಟ್‌ನಲ್ಲೇ ಇದೆ.

ಇಂಟೆಲ್‌ನಲ್ಲಿ ಇಪ್ರಾಮ್ ಕಂಡುಹಿಡಿದಿದ್ದು ಡೋವ್ ಫ್ರೋಮನ್. 1971ರಲ್ಲಿ ಬಂದ ಮೊದಲ ಚಿಪ್ 1702ರಲ್ಲಿ ಇದ್ದಿದ್ದು ಬರೀ 256 ಬೈಟ್. ಅಷ್ಟರಲ್ಲೇ ಕೆಲಸ ಮುಗಿಸ್ತಿದ್ದವರ ಮೇಲೆ ನನಗೆ ಬಹಳ ಗೌರವ.

ಮುಂದಿನ ವಾರ 2732. 2716ರಲ್ಲಿ 25 ವೋಲ್ಟ್ ಹೋಗುವ 21ನೇ ಪಿನ್ ಅದರಲ್ಲಿ ಅಡ್ರೆಸ್ ಲೈನ್ ಆಗಿದೆ, 25 ವೋಲ್ಟ್ 20ನೇ ಪಿನ್ನಿಗೆ ಹೋಗಬೇಕು. ಸಾಕೆಟ್ ವೈರಿಂಗ್ ಬದಲಾಯಿಸಿ, ಚಿಪ್ ಹಾಕುವ ಮೊದಲು ಮೀಟರ್ ಹಿಡಿದು ಎರಡೂ ಪಿನ್ ನೋಡಬೇಕು.